ಆನ್‌ಲೈನಿನಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸುವ ಬಗೆ: ಹೊಸ ಗೇಮ್ ಮಾಸ್ಟರಿಗೆ ಸಮಗ್ರ ಮಾರ್ಗದರ್ಶಿ

ಆಟಗಾರರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುವುದು, ಸಂದೇಹವಿದ್ದಲ್ಲಿ ದಾಳ ಉರುಳಿಸಿ ತೀರ್ಮಾನಿಸುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಬಗೆ; ಕಥೆಯ ಲೋಕವನ್ನು ವರ್ಣಿಸಿ ಉಳಿದ ಪಾತ್ರಗಳನ್ನೆಲ್ಲ ನಡೆಸುವವನೇ ಗೇಮ್ ಮಾಸ್ಟರ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಅಂಥ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಾಗ ಆಟಕ್ಕೆ ಬೇಕಾಗಿದ್ದುದು ಒಂದು ಮೇಜು, ಕಾಗದ, ಪೆನ್ಸಿಲ್, ದಾಳ ಮತ್ತು ಸುತ್ತ ಕುಳಿತ ಕೆಲವು ಜನ. ಇವುಗಳಲ್ಲಿ ಹೆಚ್ಚಿನವನ್ನು ಇಂದು ತಂತ್ರಾಂಶವೇ ಒದಗಿಸುತ್ತದೆ. ನಕ್ಷೆ, ದಾಳ, ಶಕ್ತಿ ಸಾಮರ್ಥ್ಯಗಳ ಅಂಕಿಗಳನ್ನು ಬರೆದಿಡುವ ಪಾತ್ರದ ಹಾಳೆ ಎಲ್ಲವೂ ಬ್ರೌಸರಿನೊಳಗೆ ಬಂದು ಕುಳಿತಿವೆ. ಯಾವ ತಂತ್ರಾಂಶವೂ ಒದಗಿಸದ ಸಂಗತಿ ಒಂದಿದೆ: ಯಾರು ಮಾತಾಡಲು ಹೊರಟಿದ್ದಾರೆ, ಯಾರಿಗೆ ಬೇಸರ ಬಂದಿದೆ, ಯಾರು ಗೊಂದಲದಲ್ಲಿದ್ದಾರೆ ಎಂಬುದನ್ನು ಒಂದು ನೋಟದಲ್ಲಿ ತಿಳಿಯುವ ಅನುಕೂಲ. ಆನ್‌ಲೈನ್ ಗೇಮ್ ಮಾಸ್ಟರನ ಕೆಲಸದ ಬಹುಪಾಲು ಈ ಕೊರತೆಯನ್ನು ತುಂಬುವುದೇ ಆಗಿರುವುದರಿಂದ, ಮುಂದಿನ ಪ್ರತಿ ಹಂತದಲ್ಲೂ ನಕ್ಷೆಯ ಅಂದಕ್ಕಿಂತ ಮಾತಿನ ಸರದಿಗೆ ಹೆಚ್ಚು ಬೆಲೆ ಕೊಟ್ಟಿದ್ದೇನೆ. ಕೆಲವು ಸಲ ಆಟಗಾರರಾಗಿ ಕುಳಿತು, ಈಗ ತಾವೇ ಆಟ ನಡೆಸಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಯಾವ ಆಟ, ಎಷ್ಟು ಜನ

ಮೊದಲ ಸಲ ನಡೆಸುವವರು ತಮಗೆ ಚೆನ್ನಾಗಿ ಗೊತ್ತಿರುವ ನಿಯಮಾವಳಿಯನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಹೊಸ ನಿಯಮ ಮತ್ತು ಹೊಸ ತಂತ್ರಾಂಶ ಎರಡನ್ನೂ ಒಟ್ಟಿಗೆ ಹೊತ್ತುಕೊಂಡರೆ ಕಥೆಗೆ ಗಮನವೇ ಉಳಿಯುವುದಿಲ್ಲ. ಈ ಬರಹದ ಉದಾಹರಣೆಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿಯವು. ಅದರ ಮೂಲನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದ್ದು, ಪುಸ್ತಕಕ್ಕೆ ಸಾವಿರಾರು ರೂಪಾಯಿ ಸುರಿಯದೆ ಆಟ ಶುರುಮಾಡಬಹುದು. ನಿಗೂಢ ಭಯದ ಕಥೆ ಬೇಕಿದ್ದವರಿಗೆ ಕಾಲ್ ಆಫ್ ಕ್ತುಲ್ಹು ಇದೆ. ಶೇಕಡಾವಾರು ದಾಳದಿಂದ ನಡೆಯುವ ಆ ಆಟದಲ್ಲಿ ನಕ್ಷೆಯ ಅಗತ್ಯ ಕಡಿಮೆ, ಹಾಗಾಗಿ ಆನ್‌ಲೈನಿಗೆ ಅದು ಇನ್ನೂ ಸಲೀಸು.

ಆಟಗಾರರು ಮೂವರಿದ್ದರೆ ಚೆನ್ನ, ನಾಲ್ವರಿದ್ದರೆ ಸರಿ, ಐವರಾದರೆ ಕಷ್ಟ. ಒಂದೇ ಕೋಣೆಯಲ್ಲಿ ಆರು ಜನರನ್ನು ನಿಭಾಯಿಸಿದವರೂ ಆನ್‌ಲೈನಿನಲ್ಲಿ ಐವರ ಮುಂದೆ ಸೋಲುತ್ತಾರೆ. ಅಲ್ಲಿ ಇಬ್ಬರು ಪಕ್ಕದಲ್ಲಿ ಪಿಸುಗುಟ್ಟಿಕೊಳ್ಳಬಹುದು, ಇಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತು ಮಾತ್ರ ಕೇಳುತ್ತದೆ. ಗೆಳೆಯರೆಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ದಾಕ್ಷಿಣ್ಯಕ್ಕೆ ಬೀಳದಿರುವುದು ಲೇಸು.

ವೇಳೆ ಗೊತ್ತುಮಾಡುವುದು

ಆನ್‌ಲೈನ್ ಆಟಗಳು ಕಥೆ ಸೊರಗಿ ನಿಲ್ಲುವುದಕ್ಕಿಂತ ವೇಳೆ ಹೊಂದದೆ ನಿಲ್ಲುವುದೇ ಹೆಚ್ಚು. ಬೆಂಗಳೂರು, ದುಬೈ, ಲಂಡನ್, ಅಮೆರಿಕ ಎಂದು ಹರಡಿಕೊಂಡ ಕನ್ನಡದ ಗೆಳೆಯರ ಗುಂಪಿಗೆ ಭಾರತದ ಶನಿವಾರ ರಾತ್ರಿ 8:30 ಒಳ್ಳೆಯ ಹೊತ್ತು. ಬೇಸಗೆಯಲ್ಲಿ ಅದು ದುಬೈಯಲ್ಲಿ ಸಂಜೆ 7, ಲಂಡನ್ನಿನಲ್ಲಿ ಸಂಜೆ 4, ನ್ಯೂಯಾರ್ಕಿನಲ್ಲಿ ಬೆಳಗ್ಗೆ 11, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳಗ್ಗೆ 8 ಗಂಟೆ. ಆದರೆ ಬ್ರಿಟನ್ನಿನ ಗಡಿಯಾರ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ ಸರಿದರೆ, ಅಮೆರಿಕದ್ದು ಸರಿಯುವುದು ನವೆಂಬರ್ ತಿಂಗಳ ಮೊದಲ ಭಾನುವಾರ. ಭಾರತಕ್ಕೂ ದುಬೈಗೂ ಈ ತಾಪತ್ರಯವೇ ಇಲ್ಲ. ಮಾರ್ಚಿನಲ್ಲಿ ಇದೇ ಗೊಂದಲ ತಲೆಕೆಳಗಾಗಿ ಮರಳುತ್ತದೆ: ಅಮೆರಿಕದ ಗಡಿಯಾರ ಎರಡನೇ ಭಾನುವಾರವೇ ಮುಂದಕ್ಕೆ ಹೋಗುತ್ತದೆ, ಬ್ರಿಟನ್ನಿನದು ಕೊನೆಯ ಭಾನುವಾರ. ಆದ್ದರಿಂದ ಒಂದು ಊರಿನ ಗಡಿಯಾರವನ್ನು ಗುಂಪಿನ ಅಧಿಕೃತ ಗಡಿಯಾರವೆಂದು ಮೊದಲೇ ಒಪ್ಪಿಕೊಂಡು, ಮಾತು ಮತ್ತು ಸಂದೇಶಗಳ ತಂತ್ರಾಂಶವಾದ ಡಿಸ್ಕಾರ್ಡಿನ ಈವೆಂಟ್ ಸೌಲಭ್ಯದಲ್ಲಿ ಸೆಷನ್ನನ್ನು, ಅಂದರೆ ಒಂದು ಸಲದ ಆಟವನ್ನು, ದಾಖಲಿಸಿದರೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಊರಿನ ಹೊತ್ತೇ ಕಾಣುತ್ತದೆ.

ಅವಧಿ ಮೂರು ಗಂಟೆ ಮೀರದಿರಲಿ. ನಡುವೆ ಹತ್ತು ನಿಮಿಷದ ವಿರಾಮವಿರಲಿ, ಅದು ತೊಂಬತ್ತನೇ ನಿಮಿಷದ ಆಸುಪಾಸಿನಲ್ಲಿ ಬರಲಿ. ಇನ್ನೊಂದು ನಿಯಮವನ್ನೂ ಆರಂಭದಲ್ಲೇ ಹೇಳಿಬಿಡಬೇಕು: ನಾಲ್ವರಲ್ಲಿ ಒಬ್ಬರು ಬಾರದಿದ್ದರೆ ಆಟ ನಡೆಯುತ್ತದೆ, ಇಬ್ಬರು ಬಾರದಿದ್ದರೆ ನಡೆಯುವುದಿಲ್ಲ. ಹೀಗೆ ಮೊದಲೇ ಗೊತ್ತಿದ್ದರೆ ಕೊನೆಯ ಗಳಿಗೆಯಲ್ಲಿ ಯಾರೂ ಯಾರ ಮೇಲೂ ಮುನಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಮೊದಲು ಧ್ವನಿ, ಆಮೇಲೆ ಉಳಿದದ್ದು

ಹಣ ಖರ್ಚುಮಾಡುವುದಿದ್ದರೆ ನಕ್ಷೆಗಲ್ಲ, ಮೈಕಿಗೆ ಮಾಡಿ. ದುಬಾರಿ ಮೈಕೇ ಬೇಕೆಂದಿಲ್ಲ. ಬಾಯಿಯ ಹತ್ತಿರ ಮೈಕ್ ಇರುವ ಸಾಧಾರಣ ತಂತಿಯ ಹೆಡ್‌ಸೆಟ್ ಲ್ಯಾಪ್‌ಟಾಪಿನ ಒಳಮೈಕಿಗಿಂತ ಎಷ್ಟೋ ಮೇಲು. ಒಬ್ಬರು ಸ್ಪೀಕರಿನಲ್ಲಿ ಕೇಳುತ್ತ ಕುಳಿತರೂ ಎಲ್ಲರ ಮಾತು ಎಲ್ಲರಿಗೂ ಮರಳಿ ಕೇಳಿಸುತ್ತದೆಯಾದ್ದರಿಂದ, ಹೆಡ್‌ಫೋನ್ ಕಡ್ಡಾಯವೆಂಬುದರಲ್ಲಿ ರಾಜಿ ಬೇಡ.

ಡಿಸ್ಕಾರ್ಡಿನಲ್ಲಿ ಒಂದು ಸರ್ವರ್ (ಗುಂಪಿನ ಖಾಸಗಿ ಅಂಗಳ) ತೆರೆದು ಒಂದು ಧ್ವನಿ ಚಾನೆಲ್, ಮೂರು ಪಠ್ಯ ಚಾನೆಲ್ ಇಟ್ಟುಕೊಂಡರೆ ಸಾಕು: ವೇಳೆ ನಿಗದಿಗೆ ಒಂದು, ಆಟದ ಹೊತ್ತಿನ ಹರಟೆಗೆ ಒಂದು, ಕಥೆಯ ದಾಖಲೆಗೆ ಒಂದು. ಹೆಚ್ಚಿನವರು ಭಾರತದಲ್ಲೇ ಇದ್ದರೆ ಧ್ವನಿ ಚಾನೆಲ್ಲಿನ ಪ್ರದೇಶವನ್ನು ಸೆಟ್ಟಿಂಗಿನಲ್ಲಿ ಭಾರತವೆಂದೇ ಆರಿಸಬಹುದು. ಮಾತಿನ ವಿಳಂಬ ತಗ್ಗುತ್ತದೆ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಬೀದಿಯ ಹಾರನ್ ಅಡಗಿಸಲು ಸದ್ದು ಸೋಸುವ ಕ್ರಿಸ್ಪ್ ಸೌಲಭ್ಯವನ್ನು ಎಲ್ಲರೂ ಹಚ್ಚಿಕೊಳ್ಳಲಿ. ಮಾತಲ್ಲದ ಎಲ್ಲ ಸದ್ದನ್ನೂ ಅದು ನುಂಗಲು ನೋಡುವುದರಿಂದ ಮೈಕಿನ ಮುಂದೆ ಸಂಗೀತ ನುಡಿಸುವ ಆಸೆ ಬಿಡಬೇಕಾಗುತ್ತದೆ. ಪ್ರತಿಯೊಬ್ಬರ ಧ್ವನಿಮಟ್ಟವನ್ನು ನಮ್ಮ ಕಡೆಯಿಂದಲೇ ಬೇರೆಬೇರೆಯಾಗಿ ಏರಿಳಿಸಬಹುದೆಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಮೊದಲ ದಿನವೇ ತೋರಿಸಿಕೊಡಿ.

ಕ್ಯಾಮೆರಾ ಬೇಕೇ? ಇದ್ದರೆ ಒಳ್ಳೆಯದು, ಕಡ್ಡಾಯ ಮಾಡಬಾರದು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಬರಿಯ ಮಾತಿನಿಂದ ಇಡೀ ಪ್ರಸಂಗವನ್ನು ಕಟ್ಟುವ ತಾಳಮದ್ದಳೆ ನಮ್ಮ ಕರಾವಳಿಯಲ್ಲಿ ಉಂಟಲ್ಲ, ಇದೂ ಅದೇ ಜಾತಿಯದು. ಅರ್ಥಧಾರಿಗಳ ವಾದ ಎಲ್ಲಿಯವರೆಗೆ ಸಾಗಬೇಕು, ಎಲ್ಲಿ ಪದ್ಯ ಎತ್ತಿಕೊಂಡು ಮುಂದೆ ಸಾಗಬೇಕು ಎಂಬುದು ಭಾಗವತರ ಕೈಯಲ್ಲಿರುವಂತೆ ಇಲ್ಲಿ ಗೇಮ್ ಮಾಸ್ಟರನ ಕೈಯಲ್ಲಿರುತ್ತದೆ.

ಮೇಜನ್ನು ಆರಿಸುವುದು

ನಕ್ಷೆ, ಅದರ ಮೇಲೆ ಪಾತ್ರಗಳನ್ನು ತೋರಿಸುವ ಟೋಕನ್, ದಾಳಗಳಿರುವ ತಂತ್ರಾಂಶವನ್ನು ವರ್ಚುವಲ್ ಟೇಬಲ್‌ಟಾಪ್ ಎನ್ನುತ್ತಾರೆ. ಆಯ್ಕೆ ಮಾಡುವಾಗ ನೀವು ಎಷ್ಟು ಪಳಗಿದ್ದೀರಿ ಎಂಬುದನ್ನಲ್ಲ, ನಿಮ್ಮ ಅತಿ ಕಡಿಮೆ ಪಳಗಿದ ಆಟಗಾರ ಯಾವ ಯಂತ್ರದ ಮುಂದೆ ಕುಳಿತಿದ್ದಾನೆ ಎಂಬುದನ್ನು ನೋಡಿ.

ಔಲ್‌ಬೇರ್ ರೋಡಿಯೋ ಅತ್ಯಂತ ಸರಳ. ಬ್ರೌಸರಿನಲ್ಲಿ ಕೊಠಡಿ ತೆರೆದು, ಕೊಂಡಿ ಕಳಿಸಿ, ನಕ್ಷೆಯ ಚಿತ್ರ ಏರಿಸಿ, ಕಾಣಬಾರದ ಜಾಗವನ್ನು ಮಂಜಿನಿಂದ ಮುಚ್ಚಿದರೆ ಆಟ ಶುರು. ಮೊಬೈಲಿನಲ್ಲೂ ನಡೆಯುತ್ತದೆ. ನಿಯಮಗಳ ಲೆಕ್ಕವನ್ನು ಅದು ತಾನಾಗಿ ಮಾಡುವುದಿಲ್ಲ, ಹಾಗಾಗಿ ಪಾತ್ರದ ಹಾಳೆಯನ್ನು ಆಟಗಾರರೇ ಇಟ್ಟುಕೊಳ್ಳಬೇಕು. ಹೊಸಬರಿಗೆ ನನ್ನ ಶಿಫಾರಸು ಇದೇ. 2012ರಿಂದ ಇರುವ ರೋಲ್20ರಲ್ಲಿ ಪಾತ್ರದ ಹಾಳೆ ಮತ್ತು ದಾಳ ಬೆಸೆದುಕೊಂಡಿದ್ದು, ಹಾಳೆಯ ಮೇಲೆ ಒತ್ತಿದರೆ ಲೆಕ್ಕ ತಾನೇ ಆಗುತ್ತದೆ. ಉಚಿತ ಖಾತೆಯಲ್ಲೇ ಒಂದು ಕಥೆಯನ್ನು ಪೂರ್ತಿ ನಡೆಸಬಹುದು.

ಫೌಂಡ್ರಿ ಇವೆರಡಕ್ಕಿಂತ ಶಕ್ತಿಶಾಲಿ. 2020ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದ ಇದಕ್ಕೆ ಮೂಲಬೆಲೆ 50 ಡಾಲರ್. ಗೇಮ್ ಮಾಸ್ಟರ್ ಒಬ್ಬರೇ ಒಮ್ಮೆ ಕೊಂಡರೆ ಸಾಕು, ಆಟಗಾರರು ಬ್ರೌಸರಿನಿಂದ ಸೇರಿಕೊಳ್ಳುತ್ತಾರೆ. ತೊಡಕಿರುವುದು ಸಂಪರ್ಕದಲ್ಲಿ. ನಿಮ್ಮ ಗಣಕವೇ ಸರ್ವರ್ ಆಗುವುದರಿಂದ ರೌಟರಿನಲ್ಲಿ 30000ನೇ ಪೋರ್ಟನ್ನು, ಅಂದರೆ ಹೊರಗಿನವರು ಒಳಬರುವ ಬಾಗಿಲನ್ನು, ತೆರೆಯಬೇಕು, ಆದರೆ ನಮ್ಮಲ್ಲಿನ ಅನೇಕ ಇಂಟರ್ನೆಟ್ ಕಂಪನಿಗಳು ಮನೆಗೊಂದು ಸ್ವಂತ ವಿಳಾಸ ಕೊಡದೆ ನೂರಾರು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುತ್ತವೆ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರ ನಡುವಿನ ಅಂಕಿಗಳಿಂದ ಆರಂಭವಾಗಿದ್ದರೆ ನಿಮ್ಮದೂ ಅಂಥ ಸಂಪರ್ಕ. ಪೋರ್ಟ್ ಎಷ್ಟು ತೆರೆದರೂ ಗೆಳೆಯರು ಒಳಗೆ ಬರಲಾರರು. ಆಗ ಕ್ಲೌಡ್‌ಫ್ಲೇರ್ ಟನೆಲ್‌ನಂಥ ಸುರಂಗ ಸೇವೆ ಬಳಸಬೇಕು, ಇಲ್ಲವೇ ಕಂಪನಿಗೆ ಹಣ ಕೊಟ್ಟು ಸ್ಥಿರ ವಿಳಾಸ ಪಡೆಯಬೇಕು, ಅದೂ ಬೇಡವೆಂದರೆ ಫೋರ್ಜ್‌ನಂಥ ಬಾಡಿಗೆ ಸರ್ವರಿಗೆ ಹೋಗಬೇಕು. ಇದನ್ನು ಆಟದ ದಿನ ಸಂಜೆ ಕಂಡುಕೊಳ್ಳುವಂತಾಗಬಾರದು. ವಾರ ಮೊದಲೇ ಒಬ್ಬ ಗೆಳೆಯನನ್ನು ಹೊರಗಿನಿಂದ ಸೇರಿಸಿ ನೋಡಿ.

ಫೌಂಡ್ರಿಯಲ್ಲಿ ನಕ್ಷೆಯ ಕಡತದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. 10 ಎಂಬಿಯ ನಕ್ಷೆ ನಾಲ್ವರಿಗೆ ಹೋಗಬೇಕೆಂದರೆ ನಿಮ್ಮ ಮನೆಯಿಂದ 40 ಎಂಬಿ ಹೊರಗೆ ಹರಿಯಬೇಕು; ಅಪ್‌ಲೋಡ್ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್; ಒಂದು ಎಂಬಿ ಎಂದರೆ 8 ಮೆಗಾಬಿಟ್) ಇದ್ದರೆ ಒಂದು ನಿಮಿಷಕ್ಕೂ ಮೇಲಾಯಿತು, ಅಷ್ಟು ಹೊತ್ತು ಎಲ್ಲರೂ ಕಪ್ಪು ಪರದೆ ನೋಡುತ್ತಾರೆ. ಅದೇ ಚಿತ್ರವನ್ನು ವೆಬ್‌ಪಿ ರೂಪಕ್ಕೆ ತಂದು 2 ಎಂಬಿಗೆ ಇಳಿಸಿದರೆ ಹದಿಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಚೌಕಕ್ಕೆ 100 ಪಿಕ್ಸೆಲ್ ಇದ್ದರೆ ಧಾರಾಳ. 20 ಚೌಕ ಅಗಲ, 30 ಚೌಕ ಉದ್ದದ ನಕ್ಷೆಗೆ 2000 ಗುಣಿಸು 3000 ಪಿಕ್ಸೆಲ್ ಸಾಕಾಗುತ್ತದೆ.

ಸೆಷನ್ ಜೀರೋ

ಆಟಕ್ಕೆ ಮುಂಚಿನ ಮಾತುಕತೆಯ ಸಭೆಯೇ ಸೆಷನ್ ಜೀರೋ. ಕಥೆಯ ಧಾಟಿ ಏನು, ಪಾತ್ರಗಳು ಒಬ್ಬರಿಗೊಬ್ಬರು ಹೇಗೆ ಪರಿಚಿತರು, ಯಾವ ಭಾಷೆಯಲ್ಲಿ ಆಡುತ್ತೇವೆ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕು. ಕಥೆಯಲ್ಲಿ ಏನು ಬರಲೇಬಾರದು, ಏನು ಬಂದರೂ ಪರದೆಯ ಹಿಂದೆ ನಡೆಯಬೇಕು ಎಂಬ ಎರಡು ಪಟ್ಟಿಗಳನ್ನು ಮಾಡಿಕೊಳ್ಳುವ ಪದ್ಧತಿಯನ್ನು ರಾನ್ ಎಡ್ವರ್ಡ್ಸ್ ರೂಢಿಗೆ ತಂದರು. ಲೈನ್ಸ್ ಅಂಡ್ ವೇಲ್ಸ್ ಎಂದು ಅದಕ್ಕೆ ಹೆಸರು. ಮಕ್ಕಳ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯ ಸಾಮಾನ್ಯವಾಗಿ ಮೊದಲ ಪಟ್ಟಿಗೆ ಸೇರುತ್ತವೆ. ಹಳೆಯ ಕರ್ನಾಟಕವನ್ನು ಹೋಲುವ ಊರುಕೇರಿಗಳಲ್ಲಿ ಕಥೆ ಕಟ್ಟುವುದಾದರೆ ಜಾತಿಯ ಅವಮಾನದ ಸನ್ನಿವೇಶಗಳ ಬಗ್ಗೆಯೂ ಖಂಡಿತವಾಗಿ ಕೇಳಬೇಕು, ಏಕೆಂದರೆ ಒಬ್ಬರಿಗೆ ಕಥೆಯ ಹಿನ್ನೆಲೆಯಾಗಿರುವುದು ಇನ್ನೊಬ್ಬರಿಗೆ ಮನೆಯ ನೆನಪಾಗಿರಬಹುದು. ಪಟ್ಟಿಗಳನ್ನು ಎಲ್ಲರೆದುರು ಹೇಳಿಸುವುದಕ್ಕಿಂತ ಗೇಮ್ ಮಾಸ್ಟರಿಗೆ ಖಾಸಗಿಯಾಗಿ ಬರೆದು ಕಳಿಸುವಂತೆ ಕೇಳುವುದು ಉತ್ತಮ.

ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ಎಕ್ಸ್ ಕಾರ್ಡನ್ನು ಮೇಜಿನ ಮೇಲೆ ಮುಟ್ಟಿದರೆ ಆ ಸನ್ನಿವೇಶ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ಆನ್‌ಲೈನಿನಲ್ಲಿ ಅದರ ಬದಲು ಚಾಟಿನಲ್ಲಿ ಎಕ್ಸ್ ಅಕ್ಷರ ಕಳಿಸಬಹುದು. ಮುಖ ಕಾಣದ ಆಟದಲ್ಲಿ ಒಬ್ಬರು ಮುದುಡಿಕೊಂಡದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲವಾದ್ದರಿಂದ ಇದರ ಅಗತ್ಯ ಇಲ್ಲಿ ಹೆಚ್ಚು.

ಸಿದ್ಧತೆ

ಒಂದು ಸಣ್ಣ ಕಥೆಯನ್ನೇ ಎತ್ತಿಕೊಳ್ಳೋಣ. ಘಟ್ಟದ ದಾರಿಯಲ್ಲಿ ಹಾಳುಬಿದ್ದ ಸುಂಕದ ಕಟ್ಟೆಯೊಂದನ್ನು ನಾಲ್ವರು ದರೋಡೆಗಾರರು ಹಿಡಿದುಕೊಂಡು ಅಡಿಕೆ ವ್ಯಾಪಾರಿಗಳಿಂದ ಸುಂಕ ವಸೂಲು ಮಾಡುತ್ತಿದ್ದಾರೆ. ಅವರ ಮುಖಂಡ ಅದೇ ಕಟ್ಟೆಯ ಹಳೆಯ ಕರಣಿಕ. ರಾಜ್ಯ ತನಗೆ ಕೊಡಬೇಕಾದ ಸಂಬಳ ಬಾಕಿಯಿದೆ ಎಂಬುದು ಅವನ ವಾದ. 5ನೇ ಆವೃತ್ತಿ ಬ್ಯಾಂಡಿಟ್‌ಗೆ, ಅಂದರೆ ದರೋಡೆಗಾರನಿಗೆ, ಕೊಡುವ ಅಂಕಿಗಳೇ ಇವರಿಗೆ ಸಾಕು: ರಕ್ಷಣೆ 12 (ಹೊಡೆತ ತಾಗಲು ದಾಳದ ಮೊತ್ತ ಇಷ್ಟಾದರೂ ಬರಬೇಕು), ಜೀವಾಂಕ 11 (ಇಷ್ಟು ಗಾಯವಾದರೆ ಬೀಳುತ್ತಾನೆ). ಮೊದಲ ಮಟ್ಟದ ನಾಲ್ಕು ಪಾತ್ರಗಳಿಗೆ ಇಂಥ ನಾಲ್ವರು ಮಧ್ಯಮ ತೂಕದ ಎದುರಾಳಿಗಳು.

ಇದಕ್ಕೆ ಒಂದೇ ನಕ್ಷೆ ಸಿದ್ಧಪಡಿಸಿ, ಕಟ್ಟೆಯದು ಮಾತ್ರ. ದಾರಿ, ಹಳ್ಳಿಯ ಸಂತೆ, ವ್ಯಾಪಾರಿಯ ಮನೆ ಇವೆಲ್ಲ ಬರಿಯ ವರ್ಣನೆಯಲ್ಲೇ ನಡೆಯಲಿ, ಏಕೆಂದರೆ ಪರದೆಯ ಮೇಲೆ ಚೌಕಗಳ ನಕ್ಷೆ ಬಂದ ಕೂಡಲೇ ಆಟಗಾರರು ಮಾತು ಬಿಟ್ಟು ಟೋಕನ್ ದೂಡತೊಡಗುತ್ತಾರೆ. ಹಾಗೆಯೇ ಕಥೆ ಮುಂದುವರಿಯಲು ಬೇಕಾದ ಸುಳಿವನ್ನು ಒಂದೇ ಕಡೆ ಬಚ್ಚಿಡಬೇಡಿ. ಮುಖಂಡ ಹಳೆಯ ಕರಣಿಕನೆಂಬುದು ಅವನು ಕೊಡುವ ರಸೀದಿಯ ಅಚ್ಚುಕಟ್ಟಾದ ಬರವಣಿಗೆಯಿಂದಲೂ, ಸಂತೆಯ ಮುದುಕಿಯ ಮಾತಿನಿಂದಲೂ, ಕಟ್ಟೆಯೊಳಗಿನ ಲೆಕ್ಕದ ಕಡತದಿಂದಲೂ ತಿಳಿಯುವಂತಿರಲಿ. ರಸೀದಿಯಂಥ ಬರಹವನ್ನು ಚಿತ್ರವಾಗಿ ತೋರಿಸಿದರೆ ಕಣ್ಣಿಗೆ ಹಿತ. ಅದರ ಪಠ್ಯವನ್ನು ಕನ್ನಡ ಲಿಪಿಯಲ್ಲೇ ಚಾಟಿಗೂ ಹಾಕಿದರೆ ಎರಡು ತಿಂಗಳ ನಂತರ ಹುಡುಕಲು ಸಿಗುತ್ತದೆ.

ಪೋಷಕ ಪಾತ್ರಗಳ ಧ್ವನಿಗೆ ನಟನಾ ತರಬೇತಿ ಬೇಕಿಲ್ಲ, ನಮಗೆ ಆಡುಮಾತುಗಳ ಸಂಪತ್ತೇ ಇದೆ. “ಎತ್ತಾಗ ಹೊಂಟೀರಿ ಸಾವ್ಕಾರ್ರ?” ಎಂದು ಒಬ್ಬ, “ಎಂತ ಮಾರಾಯ್ರೆ, ಇಷ್ಟೊತ್ತಿಗೆ ಎಲ್ಲಿಗೆ ಹೊರಟದ್ದು?” ಎಂದು ಇನ್ನೊಬ್ಬ ಕೇಳಿದರೆ, ಮುಖ ಕಾಣದಿದ್ದರೂ ಯಾರು ಮಾತಾಡಿದರೆಂದು ಕೇಳಿದವರಿಗೆ ಗೊತ್ತಾಗುತ್ತದೆ. ಆಡುಮಾತನ್ನು ದಡ್ಡನಿಗೋ ಕಳ್ಳನಿಗೋ ಮೀಸಲಿಡದೆ ಮಂತ್ರಿಗೂ ಪಂಡಿತನಿಗೂ ಹಂಚಿದರೆ ಯಾವ ಊರಿನವರಿಗೂ ಬೇಸರವಾಗುವುದಿಲ್ಲ.

ಆಟದ ಹೊತ್ತು

ಹದಿನೈದು ನಿಮಿಷ ಮೊದಲೇ ಚಾನೆಲ್ಲಿಗೆ ಬಂದು ಕುಳಿತುಕೊಳ್ಳಿ. ಬಂದವರ ಧ್ವನಿ ಪರೀಕ್ಷೆ ಆಗಲಿ, ಕಚೇರಿಯ ಸುದ್ದಿ, ಕ್ರಿಕೆಟ್ ಸುದ್ದಿ ಎಲ್ಲ ಆಗ ಮುಗಿಯಲಿ. ಹಿಂದಿನ ಸಲದ ಕಥೆಯನ್ನು ನೀವು ಹೇಳಬೇಡಿ, ಸರದಿಯ ಮೇಲೆ ಒಬ್ಬ ಆಟಗಾರರಿಂದ ಹೇಳಿಸಿ. ಅವರಿಗೆ ಯಾವುದು ಮುಖ್ಯವೆನಿಸಿದೆ, ಯಾವುದು ಮರೆತುಹೋಗಿದೆ ಎಂಬುದು ಎರಡು ನಿಮಿಷದಲ್ಲಿ ನಿಮಗೆ ಸಿಕ್ಕಿಬಿಡುತ್ತದೆ.

ಮುಂದಿನದು ಈ ಬರಹದ ಮುಖ್ಯ ಭಾಗ. ಕೋಣೆಯಲ್ಲಿ ಕುಳಿತಾಗ “ಕಟ್ಟೆಯ ಬಾಗಿಲು ಅರ್ಧ ತೆರೆದಿದೆ, ಒಳಗಿನಿಂದ ಒಲೆಯ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?” ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ನಡೆಯುತ್ತದೆ. ಆನ್‌ಲೈನಿನಲ್ಲಿ ಹಾಗೆ ಕೇಳಿದಾಗ ಮೊದಲು ಮೌನ, ಆಮೇಲೆ ಮೂವರು ಒಮ್ಮೆಲೇ ಬಾಯಿ ತೆರೆಯುವುದು, ಆಮೇಲೆ “ಇಲ್ಲ ಇಲ್ಲ, ನೀನು ಹೇಳು” ಎಂಬ ಉಪಚಾರ. ಅದರ ಬದಲು, ರೋಗ್ (ನುಸುಳುವ ಕಳ್ಳ), ಕ್ಲೆರಿಕ್ (ದೈವಶಕ್ತಿಯ ಅರ್ಚಕಿ) ಎಂಬ ಪಾತ್ರಗಳಿದ್ದರೆ, ಹೀಗೆ ಕೇಳಿ: “ರೋಗ್, ಎಲ್ಲರಿಗಿಂತ ಮುಂದೆ ನೀನಿದ್ದೀಯ, ಬಾಗಿಲ ಸಂದಿಯಲ್ಲಿ ಒಬ್ಬನ ಬೆನ್ನು ಕಾಣುತ್ತದೆ. ಏನು ಮಾಡುತ್ತೀ? ಅಷ್ಟರಲ್ಲಿ ಕ್ಲೆರಿಕ್ ಯೋಚಿಸಿಟ್ಟುಕೊಳ್ಳಲಿ, ಆಮೇಲೆ ಅವಳನ್ನು ಕೇಳುತ್ತೇನೆ.” ಈ ಒಂದು ಪ್ರಶ್ನೆಯಲ್ಲಿ ಮೂರು ಕೆಲಸಗಳಾದವು: ಹೆಸರು ಹಿಡಿದು ಕರೆದದ್ದರಿಂದ ಸರದಿ ಯಾರದೆಂದು ತಿಳಿಯಿತು, ಆ ಪಾತ್ರ ಮಾತ್ರ ಕಂಡ ಸಂಗತಿಯೊಂದು ಸಿಕ್ಕಿದ್ದರಿಂದ ಉತ್ತರಿಸಲು ಆಸರೆಯಾಯಿತು, ಮುಂದಿನವರಿಗೆ ಮುನ್ಸೂಚನೆ ಹೋಯಿತು. ಒಂದು ಸುತ್ತು ಎಲ್ಲರನ್ನೂ ಕೇಳಿದ ಬಳಿಕವಷ್ಟೇ ಎರಡನೇ ಸಲ ರೋಗ್‌ನ ಕಡೆಗೆ ತಿರುಗಿ. ಯಾರನ್ನು ಕೇಳಿದಿರಿ, ಯಾರು ಹತ್ತು ನಿಮಿಷದಿಂದ ಮಾತಾಡಿಲ್ಲ ಎಂಬುದಕ್ಕೆ ಕಾಗದದ ಮೇಲೆ ಹೆಸರಿನ ಮುಂದೆ ಗೀಟು ಹಾಕುತ್ತ ಹೋಗುವುದು ಚಿಲ್ಲರೆ ಉಪಾಯವೆನಿಸಿದರೂ ಬಹಳ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದ ಮೇಲಿನ ಮೌನವನ್ನು ಸಹಿಸಲು ಕಲಿಯಬೇಕು. ಮುಖ ಕಾಣದಾಗ ಮೂರು ಸೆಕೆಂಡಿನ ಮೌನವೂ ಸಂಪರ್ಕ ಕಡಿದಂತೆ ಭಾಸವಾಗಿ, ಗೇಮ್ ಮಾಸ್ಟರ್ ತಾನೇ ಉತ್ತರವನ್ನೂ ಸೂಚಿಸಿಬಿಡುತ್ತಾನೆ; ಹಾಗೆ ಎರಡು ಸಲ ಆದರೆ ಆಟಗಾರರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ವರ್ಣನೆ ಮೂರು ನಾಲ್ಕು ವಾಕ್ಯ ಮೀರದಿರಲಿ, ಕೊನೆಯ ವಾಕ್ಯ ಯಾರಾದರೊಬ್ಬರ ಹೆಸರಿನತ್ತ ಹೋಗಲಿ. ಉದ್ದದ ವರ್ಣನೆ ಶುರುವಾಯಿತೆಂದರೆ ಬೇರೆ ಟ್ಯಾಬ್ ತೆರೆಯುವ ಕೈಗಳನ್ನು ತಡೆಯಲು ನಿಮ್ಮಿಂದಾಗದು.

ನಗೆಮಾತು, ನಿಯಮದ ಸಣ್ಣ ಸಂದೇಹಗಳು ಹರಟೆಯ ಪಠ್ಯ ಚಾನೆಲ್ಲಿಗೆ ಹೋಗಲಿ. ಕೋಣೆಯಲ್ಲಿ ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದ ಮಾತಿಗೆ ಇದೇ ಜಾಗ. ಗುಂಪು ಎರಡಾಗಿ ಒಡೆದರೆ ಬೇರೆ ಧ್ವನಿ ಚಾನೆಲ್ ಮಾಡುವ ಆಸೆಯಾಗುತ್ತದೆ, ಮಾಡಬೇಡಿ. ಒಂದು ಕಡೆ ಐದು ನಿಮಿಷ ನಡೆಸಿ, ಕುತೂಹಲದ ಗಳಿಗೆಯಲ್ಲಿ ಕತ್ತರಿಸಿ, ಇನ್ನೊಂದು ಕಡೆಗೆ ಹೋಗಿ. ಎಲ್ಲರೂ ಎಲ್ಲವನ್ನೂ ಕೇಳಿಸಿಕೊಂಡರೆ ರಹಸ್ಯ ಹಾಳಾಗುತ್ತದೆಂಬ ಅಂಜಿಕೆ ಬೇಡ.

ದಾಳವನ್ನು ಎಲ್ಲರಿಗೂ ಕಾಣುವಂತೆ ತಂತ್ರಾಂಶದಲ್ಲೇ ಉರುಳಿಸುವುದು ರೂಢಿ. ಕೈಯಲ್ಲಿ ನಿಜವಾದ ದಾಳ ಉರುಳಿಸುವ ಸುಖ ಬಿಡಲಾರದವರಿಗೆ ಅನುಮತಿ ಕೊಡಿ. ಗೆಳೆಯರ ಆಟದಲ್ಲಿ ಸುಳ್ಳು ಹೇಳಿ ಗೆಲ್ಲುವುದಕ್ಕೆ ಏನೂ ಇರುವುದಿಲ್ಲ. ಕಷ್ಟದ ಅಂಕಿ, ಅಂದರೆ ಕೆಲಸ ಕೈಗೂಡಲು ದಾಳದ ಮೊತ್ತ ಮುಟ್ಟಬೇಕಾದ ಸಂಖ್ಯೆ, ಗೊತ್ತುಮಾಡಲು 10 ಸುಲಭ, 15 ಮಧ್ಯಮ, 20 ಕಠಿಣ ಎಂಬ ಮೂರೇ ಮೆಟ್ಟಿಲು ನೆನಪಿದ್ದರೆ ಪುಸ್ತಕ ತಿರುವುವ ಅಗತ್ಯ ಬೀಳದು.

ಕಾಳಗ

ಕಾಳಗದಲ್ಲೇ ಆನ್‌ಲೈನ್ ಆಟ ಹೆಚ್ಚಾಗಿ ಸೊರಗುವುದು. ನಾಲ್ವರು ಆಟಗಾರರಿಗೆ ತಲಾ ಎರಡು ನಿಮಿಷ, ನಿಮ್ಮ ದರೋಡೆಗಾರರಿಗೆಲ್ಲ ಸೇರಿ ಎರಡು ನಿಮಿಷ ಎಂದರೂ ಒಂದು ಸುತ್ತಿಗೆ ಹತ್ತು ನಿಮಿಷ. ಒಬ್ಬ ಆಟಗಾರ ತನ್ನ ಸರದಿ ಮುಗಿದ ಮೇಲೆ ಎಂಟು ನಿಮಿಷ ಸುಮ್ಮನೆ ಕುಳಿತಿರಬೇಕು. ಆ ಎಂಟನ್ನು ಐದಕ್ಕೆ ಇಳಿಸುವುದೇ ಗುರಿ. ಒಂದೇ ಬಗೆಯ ಎದುರಾಳಿಗಳಿಗೆಲ್ಲ ಒಂದೇ ಇನಿಶಿಯೇಟಿವ್ (ಸರದಿಯ ಕ್ರಮ ಹೇಳುವ ಅಂಕಿ) ಕೊಡಿ. ಪ್ರತಿ ಸಲವೂ “ಈಗ ಫೈಟರ್, ಮುಂದೆ ವಿಝರ್ಡ್” ಎಂದು ಎರಡು ಹೆಸರು ಕೂಗಿ. ಹೊಡೆತದ ದಾಳವನ್ನೂ ಗಾಯದ ದಾಳವನ್ನೂ ಒಟ್ಟಿಗೇ ಉರುಳಿಸಲಿ. ಎದುರಾಳಿಯ ರಕ್ಷಣಾ ಅಂಕಿ 12 ಎಂಬುದನ್ನು ಎರಡನೇ ಸುತ್ತಿನಲ್ಲಿ ಹೇಳಿಬಿಟ್ಟರೆ “ಹದಿಮೂರು, ತಾಗಿತೇ?” ಎಂಬ ವಿಚಾರಣೆಗಳೇ ನಿಂತುಹೋಗುತ್ತವೆ.

ಸೋಲು ಖಚಿತವಾದ ಮೇಲೂ ಕೊನೆಯ ದರೋಡೆಗಾರ ಸಾಯುವವರೆಗೆ ಕಾದಾಡಿಸುವುದು ಬರಿಯ ಕಾಲಹರಣ. ಇಬ್ಬರು ಬಿದ್ದ ಕೂಡಲೇ ಕರಣಿಕ ಕತ್ತಿ ಎಸೆದು, ಬಾಕಿ ಸಂಬಳದ ಲೆಕ್ಕ ಒಪ್ಪಿಸಲು ಶುರುಮಾಡಲಿ. ಕಥೆ ಅಲ್ಲಿಂದ ಮತ್ತೆ ಮಾತಿಗೆ ಮರಳುತ್ತದೆ.

ಸಂಪರ್ಕ ಕಡಿದಾಗ

ಮಳೆಗಾಲದಲ್ಲಿ ಇದು ಆಗಿಯೇ ಆಗುತ್ತದೆ. ರೌಟರಿಗೆ ಪುಟ್ಟ ಯುಪಿಎಸ್ ಒಂದಿದ್ದರೆ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಆಟ ಸಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಎರಡನೇ ಆಸರೆಯಾಗಿರಲಿ. ಆಟಗಾರರೊಬ್ಬರು ಕಡಿದುಹೋದರೆ ಅವರ ಪಾತ್ರವನ್ನು ಯಾರು ನಡೆಸುತ್ತಾರೆಂದು ಮೊದಲೇ ಗೊತ್ತಿರಲಿ, ಮತ್ತು ಅವರಿಲ್ಲದಾಗ ಅವರ ಪಾತ್ರ ಸಾಯುವುದಿಲ್ಲವೆಂಬ ಭರವಸೆಯೂ ಇರಲಿ. ನೀವೇ ಕಡಿದುಹೋದರೆ ಹತ್ತು ನಿಮಿಷ ಕಾಯುವುದು, ಆಮೇಲೂ ಬಾರದಿದ್ದರೆ ಅಂದಿಗೆ ಮುಗಿಸುವುದು ಎಂದು ಒಪ್ಪಂದ ಮಾಡಿಕೊಳ್ಳಿ. ಟೇಬಲ್‌ಟಾಪ್ ತಂತ್ರಾಂಶವೊಂದೇ ಕೈಕೊಟ್ಟರೆ ಅದರ ದುರಸ್ತಿಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಡದೆ, ಡಿಸ್ಕಾರ್ಡಿನ ಧ್ವನಿ ಮತ್ತು ದಾಳ ಉರುಳಿಸುವ ಬಾಟ್ ಒಂದರ ಬಲದಲ್ಲಿ ಮುಂದುವರಿಯಿರಿ. ಇದಕ್ಕೆಂದು ಪ್ರತಿಯೊಬ್ಬರ ಪಾತ್ರದ ಹಾಳೆಯ ಪಿಡಿಎಫ್ ಪ್ರತಿಯೊಂದು ಅವರ ಬಳಿ ಇರುವಂತೆ ನೋಡಿಕೊಂಡಿರಬೇಕು.

ಸೆಷನ್ನುಗಳ ನಡುವೆ

ಆಟ ಮುಗಿದ ರಾತ್ರಿಯೇ ದಾಖಲೆಯ ಚಾನೆಲ್ಲಿನಲ್ಲಿ ಐದಾರು ಸಾಲು ಬರೆದಿಡಿ: ಯಾರ ಹೆಸರುಗಳು ಬಂದವು, ಯಾವ ಸಾಮಾನು ಸಿಕ್ಕಿತು, ಯಾರಿಗೆ ಯಾವ ಮಾತು ಕೊಟ್ಟಾಯಿತು. ಪಾತ್ರಗಳ ಮಟ್ಟ ಏರಿಸುವುದು, ಅಂಗಡಿಯಲ್ಲಿ ಕೊಳ್ಳುವುದು, ಗಾಯ ವಾಸಿಯಾಗುವ ಲೆಕ್ಕ ಇವೆಲ್ಲ ವಾರದ ನಡುವೆ ಪಠ್ಯದಲ್ಲೇ ಮುಗಿಯಲಿ. ಶನಿವಾರದ ಮೂರು ಗಂಟೆಗಳಲ್ಲಿ ಅವಕ್ಕೆ ಜಾಗವಿಲ್ಲ. ಬುಧವಾರದ ಹೊತ್ತಿಗೆ ಹಾಜರಿ ಕೇಳಿ, ಉತ್ತರಿಸದವರಿಗೆ ಗುಂಪಿನಲ್ಲಲ್ಲದೆ ಖಾಸಗಿಯಾಗಿ ಇನ್ನೊಮ್ಮೆ ಬರೆಯಿರಿ.

ಸೆಷನ್ನಿನ ಕೊನೆಯ ಐದು ನಿಮಿಷವನ್ನು ಒಂದೇ ಪ್ರಶ್ನೆಗೆ ಮೀಸಲಿಡಬೇಕು: ಮುಂದಿನ ಸಲ ಎಲ್ಲಿಗೆ ಹೋಗುತ್ತೀರಿ? ಕರಣಿಕನನ್ನು ರಾಜಧಾನಿಗೆ ಒಪ್ಪಿಸಲು ಹೊರಡುತ್ತಾರೋ, ಅವನ ಬಾಕಿ ಸಂಬಳಕ್ಕಾಗಿ ಅಮಲ್ದಾರನ ಕಚೇರಿಗೇ ನುಗ್ಗುತ್ತಾರೋ ಅವರೇ ತೀರ್ಮಾನಿಸಲಿ. ಅಮಲ್ದಾರನ ಕಚೇರಿ ಎಂದರೆ ಆ ಕಟ್ಟಡದ ನಕ್ಷೆ, ಅಲ್ಲಿನ ಮೂವರು ನೌಕರರ ಹೆಸರು ಮತ್ತು ಅವರಲ್ಲಿ ಲಂಚಕ್ಕೆ ಒಲಿಯುವವನು ಯಾರೆಂಬುದು ಸಿದ್ಧವಿದ್ದರೆ ಸಾಕು; ರಾಜಧಾನಿಯ ನಕ್ಷೆ ಬರೆಯಲು ಆ ವಾರ ಕೂರಬೇಕಾಗಿಲ್ಲ.